ಮಾಧ್ಯಮಿಕ ಶಾಲೆಯ ಗಣಕಶಿಕ್ಷಣವೂ ಕನ್ನಡ ವರ್ಣಮಾಲೆಯೂ

ಗಣಕಯಂತ್ರಕ್ಕೂ ಮುಂಬಯಿಗೂ ಇರುವ ನಂಟು ಹಳೆಯದು. ತಾತಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಈ ನಗರದಲ್ಲಿ ತಾವೇ ನಿರ್ಮಿಸಿದ ಗಣಕವು 1960ರಲ್ಲಿ ಕಾರ್ಯಾರಂಭ ಮಾಡಿತು. 1962ರಲ್ಲಿ ಅದಕ್ಕೆ ‘ಟಿಫ್ರ್ಯಾಕ್’ ಎಂಬ ನಾಮಕರಣವಾಯಿತು. ಶಾಲೆಗಳಿಗೆ ಈ ವಿದ್ಯೆ ಬಂದುದು ತಡವಾಗಿ. 1984-85ರಲ್ಲಿ ಭಾರತ ಸರಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು 250 ಶಾಲೆಗಳಲ್ಲಿ ಪ್ರಯೋಗಾರ್ಥವಾಗಿ ಇರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರನೆಯ ಇಯತ್ತೆಯಿಂದ ಆರಂಭವಾಗುವ ಹಂತದಲ್ಲಿ ಕ್ರಮವಿಧಿ ರಚನೆಯ ಅಭ್ಯಾಸವಿರಬೇಕೆಂದು ಹೇಳಿದೆ. ಯಂತ್ರ ಬಂದಿತು, ನೀತಿಯೂ ಬಂದಿತು. ಆದರೆ ಏನನ್ನು ಕಲಿಸಬೇಕು ಎಂಬ ಪ್ರಶ್ನೆ ಇನ್ನೂ ವಿಚಾರಾರ್ಹವಾಗಿಯೇ ಉಳಿದಿದೆ.

ಗಣಕಶಿಕ್ಷಣದಲ್ಲಿ ಎರಡು ಬಗೆಗಳುಂಟು. ಯಂತ್ರದ ಬಳಕೆಯನ್ನು ಕಲಿಸುವುದು ಒಂದು; ಯಂತ್ರಕ್ಕೆ ಕೆಲಸವನ್ನು ಹೇಳಿಕೊಡುವ ವಿಚಾರಕ್ರಮವನ್ನು ಕಲಿಸುವುದು ಇನ್ನೊಂದು. ಬ್ಯಾಂಕಿನ ವೃತ್ತಿಯಲ್ಲಿರುವ ನನಗೆ ಇವೆರಡರ ಅಂತರ ದಿನನಿತ್ಯವೂ ಕಾಣುತ್ತದೆ. ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನು ಮಾತ್ರ ಅರಿತವನ ವಿದ್ಯೆ, ತೆರೆಯ ಮೇಲಿನ ವಿನ್ಯಾಸ ಬದಲಾದೊಡನೆ ಹಳತಾಗುತ್ತದೆ. ಬಡ್ಡಿಯ ಲೆಕ್ಕ ಯಾವ ನಿಯಮದಿಂದ ನಡೆಯುತ್ತದೆ, ಆ ನಿಯಮ ಎಲ್ಲಿ ತಪ್ಪಬಹುದು ಎಂಬುದನ್ನು ಅರಿತವನಿಗೆ ಹಾಗಾಗುವುದಿಲ್ಲ. ಪೊವಾಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕ ಶ್ರೀಧರ ಅಯ್ಯರ್ ಮತ್ತು ಅವರ ಸಹೋದ್ಯೋಗಿಗಳು ಶಾಲೆಗಳಿಗಾಗಿ ಸಿದ್ಧಪಡಿಸಿದ ‘ಕಂಪ್ಯೂಟರ್ ಮಸ್ತಿ’ ಪಠ್ಯಮಾಲೆಯೂ ಈ ವಿಚಾರಕ್ರಮಕ್ಕೇ ಪ್ರಾಧಾನ್ಯ ಕೊಟ್ಟಿದೆ.

ಈ ಎರಡನೆಯ ಬಗೆಯ ಶಿಕ್ಷಣಕ್ಕೆ ಮುಂಬಯಿ ಕನ್ನಡಿಗರ ಮನೆಯಲ್ಲಿಯೇ ಉತ್ತಮ ಸಾಮಗ್ರಿಯಿದೆ ಎಂಬುದು ಈ ಲೇಖನದ ಪ್ರತಿಪಾದ್ಯ. ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ; ಮರಾಠಿ ಹಿಂದಿಗಳ ಮೂಲಕ ದೇವನಾಗರಿಯನ್ನು ಚೆನ್ನಾಗಿ ಓದಿ ಬರೆಯುತ್ತಾರೆ; ಕನ್ನಡದ ಅಕ್ಷರ ಮಾತ್ರ ಅವರಿಗೆ ಅಪರಿಚಿತ. ಊರಿನ ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕಾದರೂ ರೋಮನ್ ಲಿಪಿಯ ಮೊರೆ ಹೋಗುತ್ತಾರೆ.

ಗಣಕಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುವುದು. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಲಾಗಿದೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ, ದಶಮಾನ ಪದ್ಧತಿಯಿಂದ ಎಣಿಸಿದರೆ, ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ದೇವನಾಗರಿಗೆ 2304ರಿಂದ 2431ರವರೆಗಿನ 128 ಸ್ಥಾನಗಳು. ಕನ್ನಡದ ‘ಕ’ 3221; ದೇವನಾಗರಿಯ ‘ಕ’ 2325. ಇವುಗಳ ಅಂತರ 896. ‘ಮ’ಕಾರವನ್ನು ನೋಡಿದರೆ 3246 ಮತ್ತು 2350, ಅಂತರ ಮತ್ತೆ 896. ಇದು ಆಕಸ್ಮಿಕವಲ್ಲ. ಎರಡು ಲಿಪಿಗಳ ಮೂಲ ಬ್ರಾಹ್ಮಿಯೇ; ವರ್ಣಕ್ರಮವೂ ಬಹುಮಟ್ಟಿಗೆ ಒಂದೇ. ಈ ಸಾಮ್ಯವನ್ನು ಬಳಸಿ 1988ರಲ್ಲಿ ಭಾರತೀಯ ಲಿಪಿಗಳಿಗಾಗಿ ರಚಿಸಿದ ‘ಇಸ್ಕಿ’ ಸಂಕೇತಕ್ರಮವನ್ನೇ ಯೂನಿಕೋಡ್ ಆಧಾರವಾಗಿ ಇಟ್ಟುಕೊಂಡಿತು.

ಇನ್ನು ವಿದ್ಯಾರ್ಥಿಗೆ ಕೊಡತಕ್ಕ ಕೆಲಸ ಇಷ್ಟೆ: ಮರಾಠಿಯಲ್ಲಿ ಬರೆದ ಶಬ್ದವನ್ನು ಕನ್ನಡ ಲಿಪಿಗೆ ತರುವ ಕ್ರಮವಿಧಿಯನ್ನು ರಚಿಸಬೇಕು. ‘ಕಮಲ’ ಎಂಬುದು ದೇವನಾಗರಿಯಲ್ಲಿ 2325, 2350, 2354. ಒಂದೊಂದಕ್ಕೂ 896 ಕೂಡಿಸಿದರೆ 3221, 3246, 3250. ತೆರೆಯ ಮೇಲೆ ಕನ್ನಡದ ‘ಕಮಲ’ ಮೂಡುತ್ತದೆ. ಒಂದೇ ಕ್ರಿಯೆಯನ್ನು ಅಕ್ಷರದಿಂದ ಅಕ್ಷರಕ್ಕೆ ನಡೆಸುವುದರಿಂದ ಆವರ್ತನೆಯ ಪಾಠವಾಯಿತು. ಶಬ್ದಗಳ ನಡುವಿನ ತೆರವಿಗೂ 32 ಎಂಬ ಸಂಖ್ಯೆಯುಂಟು. ಅದಕ್ಕೆ ಕೂಡಿಸಿದರೆ ಕೆಲಸ ಕೆಡುತ್ತದೆ. ಆದುದರಿಂದ ಸಂಖ್ಯೆಯು 2304ಕ್ಕೂ 2431ಕ್ಕೂ ನಡುವೆ ಇದ್ದರೆ ಮಾತ್ರ ಕೂಡಿಸು, ಇಲ್ಲವಾದರೆ ಹಾಗೆಯೇ ಬಿಡು ಎಂದು ವಿಧಿಸಬೇಕು. ಇದು ಷರತ್ತಿನ ಪಾಠ. ಪೈಥಾನ್ ಭಾಷೆಯಲ್ಲಿ ಇದೆಲ್ಲ ಹತ್ತು ಸಾಲುಗಳನ್ನು ಮೀರದು.

ನಿಯಮವು ಎಲ್ಲಿ ಸೋಲುತ್ತದೆಂಬುದು ಇನ್ನೂ ಬೋಧಪ್ರದ. ‘ಆಫೀಸ್’ ಶಬ್ದವನ್ನು ಮರಾಠಿಯಲ್ಲಿ ಅರ್ಧಚಂದ್ರವುಳ್ಳ ಸ್ವರದಿಂದ ಬರೆಯುತ್ತಾರೆ. ಅದರ ಸಂಖ್ಯೆ 2321. ಅದಕ್ಕೆ ಸರಿಯಾದ 3217ನೆಯ ಸ್ಥಾನ ಕನ್ನಡದಲ್ಲಿ ಬರಿದಾಗಿದೆ, ಏಕೆಂದರೆ ಆ ಸ್ವರಕ್ಕೆ ನಮ್ಮಲ್ಲಿ ಪ್ರತ್ಯೇಕ ಲಿಪಿಯಿಲ್ಲ. ಇದಕ್ಕೆ ವಿರುದ್ಧವಾಗಿ, ಎಷ್ಟು ಮರಾಠಿ ಶಬ್ದಗಳನ್ನು ಕೊಟ್ಟರೂ ಕನ್ನಡದ ಹ್ರಸ್ವ ‘ಎ’ಕಾರ, ‘ಒ’ಕಾರಗಳು ಬರುವುದಿಲ್ಲ, ಬರುವುದೆಲ್ಲ ‘ಏ’, ‘ಓ’. ಮರಾಠಿಯ ಬರವಣಿಗೆಯಲ್ಲಿ ಆ ಭೇದವಿಲ್ಲ. ನಮ್ಮಲ್ಲಾದರೋ ‘ಕೆರೆ’ ಬೇರೆ, ‘ಕೇರೆ’ ಬೇರೆ. ವ್ಯಾಕರಣದ ಈ ಸೂಕ್ಷ್ಮವನ್ನು ಹುಡುಗನು ತನ್ನ ಕ್ರಮವಿಧಿಯನ್ನು ಪರೀಕ್ಷಿಸುತ್ತ ಸ್ವತಃ ಕಂಡುಕೊಳ್ಳುತ್ತಾನೆ.

ಸಂಯುಕ್ತಾಕ್ಷರವೂ ಹೀಗೆಯೇ ತಿಳಿಯಾಗುತ್ತದೆ. ‘ಕ್ಷ’ ಎಂಬುದು ಗಣಕದೊಳಗೆ ಒಂದಲ್ಲ, ಮೂರು: ‘ಕ’, ಕೂಡಿಸುವ ಚಿಹ್ನೆ, ‘ಷ’. ಕನ್ನಡದ ಕೀಲಿಮಣೆಯೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ಅಲ್ಲಿಯೂ ಮೂರು ಕೀಲಿಗಳನ್ನು ಇದೇ ಕ್ರಮದಲ್ಲಿ ಒತ್ತಬೇಕು. ಕರ್ನಾಟಕ ಸರಕಾರವು ಅಂಗೀಕರಿಸಿದ ಈ ವಿನ್ಯಾಸದ ಕರ್ತೃ ಕಿನ್ನಿಕಂಬಳ ಪದ್ಮನಾಭ ರಾಯರು, ಇದೇ ಮುಂಬಯಿಯಲ್ಲಿ ತಾತಾ ಸಂಶೋಧನ ಸಂಸ್ಥೆಯಲ್ಲಿಯೂ ತಾತಾ ಪ್ರೆಸ್ಸಿನಲ್ಲಿಯೂ ದುಡಿದವರು. ತಮ್ಮ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಸ್ಮರಣಾರ್ಥ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ವ್ಯಾಕರಣಜ್ಞಾನವೂ ಯಂತ್ರಜ್ಞಾನವೂ ಒಂದೆಡೆ ಸೇರಿದರೆ ಏನಾದೀತೆಂಬುದಕ್ಕೆ ಈ ಹೆಸರೇ ನಿದರ್ಶನ.

ಈ ನಗರದ ಶಾಲೆಗಳು ನಮ್ಮ ಮಕ್ಕಳಿಗೆ ಗಣಕವನ್ನು ಹೇಗೂ ಕಲಿಸುತ್ತವೆ. ಕನ್ನಡವನ್ನು ಕಲಿಸುವ ಹೊಣೆ ನಮ್ಮ ಮೇಲಿದೆ. ಎರಡನ್ನೂ ಬೇರೆಬೇರೆ ಹೊರೆಗಳಾಗಿ ಹೊರಿಸಿದರೆ ಮಗು ಎರಡನೆಯದನ್ನು ಇಳಿಸಿಬಿಡುವುದು ಸಹಜ. ನಮ್ಮ ಸಂಘಗಳು ಎಂಟನೆಯ, ಒಂಬತ್ತನೆಯ ಇಯತ್ತೆಯ ಮಕ್ಕಳಿಗಾಗಿ ನಾಲ್ಕು ಭಾನುವಾರಗಳನ್ನು ತೆಗೆದಿರಿಸಿದರೆ ಮೇಲಿನ ಪಾಠಗಳಿಗೆ ಸಾಕು. ಅಲ್ಲಿಂದ ಹೊರಡುವ ಹುಡುಗಿಯ ಕೈಯಲ್ಲಿ ತಾನೇ ರಚಿಸಿದ ಒಂದು ಕ್ರಮವಿಧಿ ಇರುತ್ತದೆ. ಓದಲು ಬರುವ ಒಂದು ಲಿಪಿಯೂ ಇರುತ್ತದೆ.