ಮೇಲ್ಮೈ ಎಳೆತದ ಅಳತೆ

ಬಟ್ಟಲಿನ ನೀರಿನ ಮೇಲೆ ಹೊಲಿಗೆಯ ಸೂಜಿಯೊಂದನ್ನು ಮೆಲ್ಲನೆ ಅಡ್ಡಲಾಗಿ ಮಲಗಿಸಿದರೆ ಅದು ಮುಳುಗುವುದಿಲ್ಲ. ಉಕ್ಕು ನೀರಿಗಿಂತ ಸುಮಾರು ಎಂಟು ಪಟ್ಟು ಸಾಂದ್ರವಾದುದು. ಆದರೂ ಸೂಜಿಯು ನೀರಿನ ಮೈಯನ್ನು ತುಸುವೇ ತಗ್ಗಿಸಿ ಅದರ ಮೇಲೆಯೇ ನಿಲ್ಲುತ್ತದೆ. ಸಾಬೂನಿನ ನೀರು ಒಂದು ಹನಿ ಬಿದ್ದರೆ ಸಾಕು, ಸೂಜಿ ತಳ ಸೇರುತ್ತದೆ. ನೀರಿನ ಒಳಗಿರುವ ಅಣುವನ್ನು ನೆರೆಯ ಅಣುಗಳು ಎಲ್ಲ ಕಡೆಗಳಿಂದಲೂ ಸಮನಾಗಿ ಆಕರ್ಷಿಸುತ್ತವೆ. ಮೇಲ್ಮೈಯ ಅಣುವಿಗೆ ಮೇಲುಗಡೆ ಅಂಥ ನೆರೆಯಿಲ್ಲ. ಆದುದರಿಂದ ಮೇಲ್ಮೈಯು ಆದಷ್ಟೂ ಕುಗ್ಗಲು ಹವಣಿಸುತ್ತದೆ. ಈ ಬಿಗಿತವೇ ಮೇಲ್ಮೈ ಎಳೆತ.

ಕಣ್ಣಿಗೆ ಕಾಣದ ಈ ಎಳೆತವನ್ನು ನಂಬತಕ್ಕ ರೀತಿಯಲ್ಲಿ ಅಳೆಯುವ ದಾರಿಯೊಂದು ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಒಂದು ಮನೆಯಲ್ಲಿ ರೂಪುಗೊಂಡಿತು. ಆಗ್ನೆಸ್ ಪೊಕೆಲ್ಸ್ 1862ರಲ್ಲಿ ಜನಿಸಿದಳು. ಭೌತವಿಜ್ಞಾನದಲ್ಲಿ ಆಕೆಗೆ ಅಪಾರ ಆಸಕ್ತಿ. ಆದರೆ ಆಗ ಅಲ್ಲಿನ ವಿಶ್ವವಿದ್ಯಾನಿಲಯಗಳು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. ಗ್ಯೊಟಿಂಗೆನ್ನಿನಲ್ಲಿ ಓದುತ್ತಿದ್ದ ತಮ್ಮ ಫ್ರೀಡ್ರಿಶ್ ಒದಗಿಸಿದ ಪುಸ್ತಕಗಳೇ ಆಕೆಗೆ ಗುರುಗಳಾದುವು. ಅಸ್ವಸ್ಥರಾದ ತಂದೆತಾಯಿಗಳ ಶುಶ್ರೂಷೆ, ಮನೆಗೆಲಸ ಇವುಗಳ ನಡುವೆ ದೊರೆತ ಬಿಡುವಿನಲ್ಲಿ ಆಕೆ ನೀರನ್ನು ಪರೀಕ್ಷಿಸುತ್ತಿದ್ದಳು.

ಆಕೆಯ ಉಪಕರಣ ತೀರ ಸರಳವಾದುದು. 70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ಎತ್ತರದ ತಗಡಿನ ತೊಟ್ಟಿ. ಅದರ ತುಂಬ ಅಂಚಿನವರೆಗೆ ನೀರು. ಅಡ್ಡಲಾಗಿ, ನೀರಿಗೆ ತಾಗುವಂತೆ, ಒಂದು ತಗಡಿನ ಪಟ್ಟಿ. ಪಟ್ಟಿಯನ್ನು ಸರಿಸಿದಂತೆ ಒಂದು ಪಕ್ಕದ ಮೇಲ್ಮೈ ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಎಳೆತವನ್ನು ಅಳೆಯಲು 6 ಮಿಲಿಮೀಟರ್ ವ್ಯಾಸದ ಬಿಲ್ಲೆಯೊಂದನ್ನು ನೀರಿಗೆ ತಾಗಿಸಿ, ಅದನ್ನು ಕಿತ್ತು ಮೇಲೆತ್ತಲು ಎಷ್ಟು ತೂಕ ಬೇಕೆಂಬುದನ್ನು ತಕ್ಕಡಿಯಿಂದ ತಿಳಿಯುತ್ತಿದ್ದಳು.

ಶುದ್ಧ ನೀರಿನಲ್ಲಿ ಪಟ್ಟಿಯನ್ನು ಎಷ್ಟು ಸರಿಸಿದರೂ ತೂಕ ಬದಲಾಗಲಿಲ್ಲ. ಜಿಡ್ಡಿನ ಲೇಶವಿದ್ದರೂ ಮೇಲ್ಮೈಯನ್ನು ಒಂದು ಮಿತಿಗಿಂತ ಕುಗ್ಗಿಸಿದೊಡನೆ ಎಳೆತವು ಸರ್ರನೆ ಇಳಿಯುತ್ತಿತ್ತು. ಅಳತೆಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಕಣ್ಣಿಗೆ ಕಾಣದ ಈ ಕೊಳೆಯೂ ಕಾರಣವೆಂಬುದು ಹೀಗೆ ತಿಳಿಯಿತು. ಅದನ್ನು ಗುಡಿಸಿಹಾಕಲು ಅದೇ ಪಟ್ಟಿಯೇ ಪೊರಕೆಯಾಯಿತು! ಸುಮಾರು ಹತ್ತು ವರ್ಷ ಈ ಕೆಲಸ ಅಜ್ಞಾತವಾಗಿ ನಡೆಯಿತು. ಇಂಗ್ಲೆಂಡಿನ ಲಾರ್ಡ್ ರ್‍ಯಾಲೆ ಇಂಥದೇ ಪ್ರಯೋಗಗಳನ್ನು ನಡೆಸುತ್ತಿರುವನೆಂದು ಅರಿತು, 1891ರ ಜನವರಿಯಲ್ಲಿ ಆಕೆ ಅವನಿಗೆ ಜರ್ಮನ್ ಭಾಷೆಯಲ್ಲಿ ಒಂದು ಪತ್ರ ಬರೆದಳು. ರ್‍ಯಾಲೆ ಅದನ್ನು ತನ್ನ ಹೆಸರಿನ ಲೇಖನಕ್ಕೆ ಸಾಮಗ್ರಿಯಾಗಿ ಬಳಸಿಕೊಳ್ಳಬಹುದಾಗಿತ್ತು. ಅವನು ಹಾಗೆ ಮಾಡದೆ ಪತ್ರದ ಇಂಗ್ಲಿಷ್ ಭಾಷಾಂತರವನ್ನು ಆಕೆಯ ಹೆಸರಿನಲ್ಲಿಯೇ 'ನೇಚರ್' ಪತ್ರಿಕೆಗೆ ಕಳುಹಿಸಿದನು. ಮಾರ್ಚಿಯಲ್ಲಿ ಅದು ಅಚ್ಚಾಯಿತು.

ನೀರಿನಲ್ಲಿ ಕರಗಿದ ರಾಸಾಯನಿಕಗಳ ಎಳೆತವನ್ನು ಇಂದಿಗೂ ಬಹುಮಟ್ಟಿಗೆ ಹೀಗೆಯೇ ಅಳೆಯುತ್ತಾರೆ. ಬಿಲ್ಲೆಗೆ ಬದಲಾಗಿ ಪ್ಲಾಟಿನಂ ಉಂಗುರವಿರುತ್ತದೆ. ಉಪ್ಪು ಕರಗಿದರೆ ಎಳೆತ ಸ್ವಲ್ಪ ಏರುತ್ತದೆ. ಶಾಂಪೂ, ಹಲ್ಲುಜ್ಜುವ ಪೇಸ್ಟ್‌ಗಳಲ್ಲಿ ಬಳಸುವ ಸೋಡಿಯಂ ಡೊಡೆಸೈಲ್ ಸಲ್ಫೇಟ್ ಎಂಬ ವಸ್ತುವಿನ ನಡತೆ ಬೇರೆ. ಇದರ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಮತ್ತೊಂದು ಬಯಸುವುದಿಲ್ಲ. ಅಣುಗಳು ಮೇಲ್ಮೈಗೆ ಬಂದು ಸೇರುತ್ತವೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೀಟರಿಗೆ 72 ಮಿಲಿನ್ಯೂಟನ್ ಇದ್ದ ನೀರಿನ ಎಳೆತ, ಈ ವಸ್ತು ಕರಗುತ್ತ ಹೋದಂತೆ 40ಕ್ಕಿಂತ ಕೆಳಗಿಳಿಯುತ್ತದೆ. ಲೀಟರಿಗೆ ಸುಮಾರು 2.3 ಗ್ರಾಂ ಆದ ಮೇಲೆ ಇಳಿತ ನಿಲ್ಲುತ್ತದೆ. ಮೇಲ್ಮೈಯಲ್ಲಿ ಎಡೆಯಿಲ್ಲದ ಅಣುಗಳು ನೀರಿನೊಳಗೇ ಗುಂಪುಗೂಡತೊಡಗುತ್ತವೆ.

ಕೆಲವೊಮ್ಮೆ ನಕ್ಷೆಯ ಗೆರೆ ಇಳಿದು ಸಮವಾಗುವ ಬದಲು ಒಂದು ಕುಳಿ ತೋರಿ ಮತ್ತೆ ಮೇಲೇರುವುದುಂಟು. ತಯಾರಿಕೆಯಲ್ಲಿ ಉಳಿದ ಡೊಡೆಕನಾಲ್ ಎಂಬ ಮಲಿನ ಪದಾರ್ಥವು ಮೊದಲು ಮೇಲ್ಮೈಗೆ ನುಗ್ಗಿ, ಆ ಗುಂಪುಗಳು ಮೂಡಿದೊಡನೆ ಅವುಗಳೊಳಗೆ ಅಡಗಿಕೊಳ್ಳುವುದೇ ಇದಕ್ಕೆ ಕಾರಣ. ಕುಳಿಯನ್ನು ಕಂಡ ರಸಾಯನಜ್ಞನು ಅಳತೆಯನ್ನು ಅಲ್ಲಿಗೇ ನಿಲ್ಲಿಸಿ, ವಸ್ತುವನ್ನು ಪುನಃ ಶುದ್ಧಿಗೊಳಿಸಲು ತೊಡಗುತ್ತಾನೆ.