ಜರೀಗಿಡಗಳ ಸಂತಾನಕ್ರಮವೂ ‘ಬೀಜಾಣು’ ಶಬ್ದವೂ

ಮನುಸ್ಮೃತಿಯ ಪ್ರಥಮಾಧ್ಯಾಯದಲ್ಲಿ ಸ್ಥಾವರಗಳ ವಿಭಾಗವು ಹೇಳಲ್ಪಟ್ಟಿದೆ. ಫಲಪಾಕದೊಡನೆ ನಾಶಹೊಂದುವುವು ಓಷಧಿಗಳು; ಹೂವಿಲ್ಲದೆ ಹಣ್ಣು ಬಿಡತಕ್ಕವು ವನಸ್ಪತಿಗಳು; ಪುಷ್ಪಫಲಗಳೆರಡನ್ನೂ ಉಳ್ಳವು ವೃಕ್ಷಗಳು. ಗುಚ್ಛ, ಗುಲ್ಮ, ತೃಣ, ಪ್ರತಾನ, ವಲ್ಲಿಗಳು ಬೀಜದಿಂದಲಾಗಲಿ ಕಾಂಡದಿಂದಲಾಗಲಿ ಹುಟ್ಟುವುವೆಂದೂ ಅಲ್ಲಿ ಉಕ್ತವಾಗಿದೆ. ಆದರೆ ತೊರೆಗಳ ಬದಿಯಲ್ಲಿಯೂ ಹಳೆಯ ಬಾವಿಗಳ ಕಲ್ಲುಸಂದುಗಳಲ್ಲಿಯೂ ಬೆಳೆಯುವ ಜರೀಗಿಡಗಳಿಗೆ ಹೂವೂ ಇಲ್ಲ, ಹಣ್ಣೂ ಇಲ್ಲ, ಬೀಜವೂ ಇಲ್ಲ. ವೈದ್ಯರು ಹಂಸಪದಿಯೆಂದು ಗುರುತಿಸುವ ಅಡಿಯಾಂಟಮ್ ಈ ವರ್ಗದ್ದೇ. ಇವುಗಳ ಸಂತಾನವು ನಡೆಯುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರವು ದೊರೆತ ಕ್ರಮವೂ, ಅದರಿಂದ ಕನ್ನಡ ಪರಿಭಾಷೆಗೆ ಒದಗುವ ಸಂಶಯವೂ ಇಲ್ಲಿ ವಿಚಾರ್ಯವಾಗಿವೆ.

ಯುರೋಪಿನ ಪ್ರಾಚೀನರು ಬೀಜವಿಲ್ಲದ ಸಸ್ಯವಿರಲಾರದೆಂದು ನಂಬಿ, ಜರೀಗಿಡದ ಬೀಜವು ಕಣ್ಣಿಗೆ ಕಾಣದೆಂದೂ, ಅದನ್ನು ಧರಿಸಿದವನು ತಾನೂ ಅದೃಶ್ಯನಾಗುವನೆಂದೂ ಕಲ್ಪಿಸಿದರು. ಷೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿ ನಾಟಕದ ಪ್ರಥಮ ಭಾಗದಲ್ಲಿ ಕಳ್ಳನೊಬ್ಬನ ಬಾಯಲ್ಲಿ ಈ ನಂಬಿಕೆ ಬಂದಿದೆ. ಲಿನೇಯಸನು 1735ರಲ್ಲಿ ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿ, ಜರೀಗಿಡ, ಹಾವಸೆ, ಅಣಬೆ ಮೊದಲಾದುವನ್ನು ಕಡೆಯ ವರ್ಗದಲ್ಲಿಟ್ಟು, ಅದಕ್ಕೆ ‘ಗುಪ್ತವಿವಾಹ’ವೆಂಬ ಅರ್ಥದ ಹೆಸರನ್ನು ಕೊಟ್ಟನು.

ಈ ಗುಪ್ತವು ಪ್ರಕಟವಾದುದು ಮೆಟ್ಟಲುಮೆಟ್ಟಲಾಗಿ. ಜಮೈಕಾ ದ್ವೀಪದಲ್ಲಿ ಶಸ್ತ್ರವೈದ್ಯನಾಗಿದ್ದ ಜಾನ್ ಲಿಂಡ್ಸೆಯು ಎಲೆಯ ಹಿಂಬದಿಯಲ್ಲಿರುವ ಕಂದುಬಣ್ಣದ ಪುಡಿಯನ್ನು ಬಿತ್ತಿ, ಅದು ಮೊಳೆಯುವುದನ್ನು ಕಂಡನು. ಅವನ ಲೇಖನವು 1794ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಆ ಪುಡಿಯಿಂದ ಮೊದಲು ಹುಟ್ಟುವುದು ಜರೀಗಿಡವಲ್ಲ. ಉಗುರಿಗಿಂತಲೂ ಕಿರಿದಾಗಿ, ಹೃದಯದ ಆಕಾರದಲ್ಲಿ ನೆಲಕ್ಕಂಟಿ ಬೆಳೆಯುವ ಹಸುರು ಹಾಳೆ. 1844ರಲ್ಲಿ ನೇಗೆಲಿಯು ಈ ಹಾಳೆಯಲ್ಲಿ ಪುರುಷಾಂಗಗಳನ್ನೂ, 1848ರಲ್ಲಿ ಪೋಲೆಂಡಿನ ಸುಮಿನ್ಸ್ಕಿಯು ಸ್ತ್ರೀಅಂಗಗಳನ್ನೂ ಗುರುತಿಸಿದರು. ಪುರುಷಕಣಗಳು ನೀರಿನ ತೆಳುಪದರದಲ್ಲಿ ಈಜಿ ಅಂಡವನ್ನು ಸೇರುವುವು. ಜರೀಗಿಡಗಳು ತೇವವುಳ್ಳ ಸ್ಥಳವನ್ನು ಆಶ್ರಯಿಸುವುದಕ್ಕೆ ಇದೂ ಒಂದು ಕಾರಣ.

ಇವೆಲ್ಲವನ್ನೂ ಏಕಸೂತ್ರದಲ್ಲಿ ಪೋಣಿಸಿದವನು ಹಾಫ್‌ಮೈಸ್ಟರ್. ಲೈಪ್‌ಜಿಗ್ ನಗರದಲ್ಲಿ ತಂದೆಯ ಪ್ರಕಾಶನ ವ್ಯವಹಾರದಲ್ಲಿದ್ದುಕೊಂಡು ಸ್ವಪ್ರಯತ್ನದಿಂದ ಸಸ್ಯಶಾಸ್ತ್ರವನ್ನು ಕಲಿತ ಈತನು 1851ರಲ್ಲಿ ತೋರಿಸಿದ ಸಿದ್ಧಾಂತವಿದು: ಜರೀಗಿಡದ ಜೀವನದಲ್ಲಿ ಎರಡು ತಲೆಮಾರುಗಳು ಪರ್ಯಾಯವಾಗಿ ಬರುವುವು. ಎಲೆಯುಳ್ಳ ಗಿಡವು ಪುಡಿಯನ್ನು ಹಡೆಯುವುದು, ಪುಡಿಯಿಂದ ಹಾಳೆ, ಹಾಳೆಯಲ್ಲಿ ಗರ್ಭಧಾರಣೆಯಾಗಿ ಮರಳಿ ಗಿಡ. ಹಾವಸೆಯಲ್ಲಿ ಎರಡನೆಯ ತಲೆಮಾರು ಪ್ರಧಾನ. ಜರೀಗಿಡದಲ್ಲಿ ಎರಡೂ ಸ್ವತಂತ್ರ. ಹೂಗಿಡದಲ್ಲಿ ಎರಡನೆಯದು ಕುಗ್ಗಿ ಪರಾಗದಲ್ಲಿಯೂ ಅಂಡಕದಲ್ಲಿಯೂ ಅಡಗಿದೆ.

ಈಚಿನ ಶೋಧನೆಗಳು ಬಂಧುತ್ವವನ್ನೂ ನಿರ್ಣಯಿಸಿವೆ. ಈಕ್ವಿಸೀಟಮ್ ಜರೀಗಿಡಗಳ ಕುಲದ್ದೇ ಎಂದೂ, ಈ ಕುಲವು ಬೀಜಸಸ್ಯಗಳಿಗೆ ಅತಿ ಸಮೀಪವಾದುದೆಂದೂ 2001ರಲ್ಲಿ ವಂಶದ್ರವ್ಯದ ಪರೀಕ್ಷೆಯಿಂದ ತಿಳಿಯಿತು. ಲೈಕೊಪೋಡಿಯಮ್, ಸೆಲಾಜಿನೆಲ್ಲಗಳು ಬಹು ಹಿಂದೆಯೇ ಕವಲೊಡೆದ ಬೇರೆ ಶಾಖೆ. 2016ರ ಅಂತರರಾಷ್ಟ್ರೀಯ ಗಣನೆಯಂತೆ ಜರೀಗಿಡಗಳಲ್ಲಿ ಸುಮಾರು 10,578 ಜಾತಿಗಳೂ, ಆ ಬೇರೆ ಶಾಖೆಯಲ್ಲಿ ಸುಮಾರು 1,338 ಜಾತಿಗಳೂ ಉಂಟು.

ಇನ್ನು ಶಬ್ದವಿಚಾರ. ಆ ಪುಡಿಯ ಕಣಕ್ಕೆ ಕನ್ನಡದಲ್ಲಿ ‘ಬೀಜಾಣು’ವೆಂಬ ಹೆಸರು ಬಳಕೆಯಲ್ಲಿದೆ. ಬೀಜವೆಂಬುದು ಗರ್ಭಧಾರಣೆಯ ಫಲ, ಅದರೊಳಗೆ ಭ್ರೂಣವುಂಟು. ಈ ಕಣವಾದರೋ ಗರ್ಭಧಾರಣೆಗೆ ಮುಂಚಿನದು, ಒಂದೇ ಜೀವಕೋಶದ್ದು, ಭ್ರೂಣವಿಲ್ಲದ್ದು. ಆದುದರಿಂದ ‘ಅಣುರೂಪದ ಬೀಜ’ವೆಂಬ ಅವಯವಾರ್ಥವು ವಸ್ತುವಿಗೆ ವಿರುದ್ಧ, ಅದೃಶ್ಯಬೀಜದ ಹಳೆಯ ಭ್ರಾಂತಿಯನ್ನೇ ವಿದ್ಯಾರ್ಥಿಗಳಲ್ಲಿ ಮತ್ತೆ ನೆಡುವಂತಹುದು.

ರೂಢಿಯು ಯೋಗಾರ್ಥಕ್ಕಿಂತ ಬಲವತ್ತರವಲ್ಲವೇ ಎಂದರೆ, ಲೋಕವ್ಯವಹಾರದಲ್ಲಿ ಅದು ಸರಿ. ಶಾಸ್ತ್ರದಲ್ಲಿ ಮಾತ್ರ ಸಂಜ್ಞೆಯು ಲಕ್ಷಣವನ್ನು ಬಾಧಿಸಬಾರದು. ಸೆಲಾಜಿನೆಲ್ಲದಲ್ಲಿ ಕಣಗಳು ಕಿರಿದು ಹಿರಿದೆಂದು ಎರಡು ವಿಧ. ಹೂಗಿಡದ ಪರಾಗಕ್ಕೆ ಆ ಕಿರಿಯ ಕಣವೇ ಸಮಾನಸ್ಥಾನೀಯ. ಪರಾಗಕ್ಕೆ ‘ರೇಣು’ ಶಬ್ದವು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಸಿದ್ಧವಾಗಿಯೇ ಇದೆ. ಅದನ್ನೇ ವಿಸ್ತರಿಸಿ, ಜರೀಗಿಡದ ಕಣವನ್ನು ‘ರೇಣು’ವೆಂದೂ ಅದರ ಕೋಶವನ್ನು ‘ರೇಣುಕೋಶ’ವೆಂದೂ ಕರೆದರೆ ಶಬ್ದವು ಸುಲಭವೂ ಅರ್ಥವು ನಿರ್ದುಷ್ಟವೂ ಆಗುವುದು, ಹೂವಿಲ್ಲದ ಗಿಡಕ್ಕೂ ಹೂವುಳ್ಳ ಗಿಡಕ್ಕೂ ಇರುವ ಬಾಂಧವ್ಯವು ಹೆಸರಿನಲ್ಲಿಯೇ ತೋರಿಬರುವುದು. ಹಳೆಯ ಶಬ್ದವನ್ನೇ ಉಳಿಸಿಕೊಳ್ಳುವ ಪಕ್ಷದಲ್ಲಿ, ನಿಘಂಟುಗಳು ಅದಕ್ಕೆ ‘ಬೀಜವಲ್ಲದ್ದು’ ಎಂಬ ವಿವರಣೆಯನ್ನಾದರೂ ಸೇರಿಸುವುದು ಅವಶ್ಯ.