ನೀರಿನ ಜಾಡಿನಲ್ಲಿ ಒಂದು ದಿನದ ನಡಿಗೆ

ಸ್ಪೇನ್ ಎಂದೊಡನೆ ಗೂಳಿಕಾಳಗವೋ ಗ್ರನಾಡಾದ ಅಲ್ಹಾಂಬ್ರಾ ಅರಮನೆಯೋ ನೆನಪಾಗುವುದು ಸಹಜ. ಅಲ್ಹಾಂಬ್ರಾವನ್ನು ಕಟ್ಟಿದ ಮುಸ್ಲಿಂ ದೊರೆಗಳ ಆಳ್ವಿಕೆ ಮುಗಿದು ಐದು ಶತಮಾನಗಳೇ ಕಳೆದಿವೆ. ಅರಮನೆ ಈಗ ಪ್ರವಾಸಿಗರ ಪಾಲಿಗೆ ಒಂದು ನೋಟ. ಆದರೆ ಆ ಕಾಲದ ಇನ್ನೊಂದು ಕೊಡುಗೆ ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ. ಅದನ್ನು ಕಾಣಬೇಕಾದರೆ ಸಿಯೆರಾ ನೆವಾಡಾ ಪರ್ವತದ ದಕ್ಷಿಣದ ಇಳಿಜಾರಿನಲ್ಲಿರುವ ಅಲ್ಪುಹಾರ್ರಾ ಸೀಮೆಯಲ್ಲಿ ಒಂದು ದಿನ ನಡೆಯಬೇಕು.

ನಡಿಗೆಗೆ ಪಂಪನೆಯ್ರಾ ಗ್ರಾಮ ಒಳ್ಳೆಯ ಆರಂಭ. ಪೊಕೆಯ್ರಾ ಕಣಿವೆಯ ಅಂಚಿಗೆ ಅಂಟಿಕೊಂಡಂತಿರುವ ಈ ಹಳ್ಳಿಯ ಮನೆಗಳಿಗೆ ಸುಣ್ಣ ಬಳಿದ ದಪ್ಪ ಗೋಡೆ, ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಬೂದುಬಣ್ಣದ ಜೇಡಿ ಹರಡಿದ ಚಪ್ಪಟೆ ಮಾಳಿಗೆ. ಅಲ್ಲಿಂದ ಏರುದಾರಿಯಲ್ಲಿ ಬುಬಿಯೋನ್. ಇನ್ನೂ ಮೇಲೆ ಕಪಿಲೆಯ್ರಾ. ಬುಬಿಯೋನ್‌ನಿಂದ ಪೂರ್ವಕ್ಕೆ ತಿರುಗಿ ದಿಣ್ಣೆ ದಾಟಿದರೆ ಪಿಟ್ರೆಸ್, ಪೋರ್ತುಗೋಸ್, ಬುಸ್ಕಿಸ್ತಾರ್ ಒಂದರ ಹಿಂದೊಂದು ಬರುತ್ತವೆ. ಪೋರ್ತುಗೋಸ್‌ನಲ್ಲಿ ಕಬ್ಬಿಣದ ಅಂಶವಿರುವ ಒಗರು ನೀರಿನ ಬುಗ್ಗೆಯೊಂದಿದ್ದು, ಸುತ್ತಲಿನ ಬಂಡೆಗಳೆಲ್ಲ ಕೆಂಪಾಗಿವೆ. ಬೆಳಿಗ್ಗೆ ಹೊರಟವರು ಸಂಜೆಯ ಹೊತ್ತಿಗೆ ತಣ್ಣನೆಯ ಗಾಳಿಯಲ್ಲಿ ಒಣಗಿಸಿದ ಹಂದಿತೊಡೆಗೆ ಹೆಸರಾದ ಟ್ರೆವೆಲೆಸ್ ತಲುಪಬಹುದು.

ದಾರಿಯುದ್ದಕ್ಕೂ ಮತ್ತೆ ಮತ್ತೆ ಕೇಳಿಬರುವುದು ನೀರಿನ ಸದ್ದು. ಇದು ಅಚ್ಚರಿಯ ಸಂಗತಿ. ಏಕೆಂದರೆ ಇಲ್ಲಿ ಬೇಸಿಗೆಯಲ್ಲಿ ಮಳೆ ಬೀಳುವುದು ಅಪರೂಪ. ಈ ನೀರಿನ ಮೂಲ ಇರುವುದು ಮೇಲಿನ ಹಿಮದಲ್ಲಿ. ಐಬೀರಿಯಾ ಪರ್ಯಾಯದ್ವೀಪದ ಅತ್ಯುನ್ನತ ಶಿಖರ, ಸುಮಾರು 3,480 ಮೀಟರ್ ಎತ್ತರದ ಮುಲಹಸೇನ್ ಈ ಹಳ್ಳಿಗಳ ನೆತ್ತಿಯ ಮೇಲಿದೆ. ಕರಗಿದ ಹಿಮವನ್ನು ಇಳಿಜಾರಿಗೆ ಅಡ್ಡಲಾಗಿ ತೋಡಿದ ಮಣ್ಣಿನ ಕಾಲುವೆಗಳು ಹೊಲಗಳಿಗೆ ಒಯ್ಯುತ್ತವೆ. ಇವುಗಳ ಹೆಸರು ‘ಅಸೆಕಿಯಾ’. ಅದು ಅರಬ್ಬೀ ಮೂಲದ ಪದ.

ಇವುಗಳಲ್ಲಿ ಕೆಲವು ನೀರನ್ನು ನೇರವಾಗಿ ಹೊಲಕ್ಕೆ ಒಯ್ಯುವುದಿಲ್ಲ. ವಸಂತದಲ್ಲಿ ಹಿಮ ಕರಗಿ ನೀರು ಉಕ್ಕಿದಾಗ ಅದನ್ನು ಎತ್ತರದಲ್ಲಿರುವ ಸಡಿಲ ನೆಲಕ್ಕೆ ಹರಿಸಿ ಇಂಗಲು ಬಿಡುತ್ತವೆ. ಇಂಗಿದ ನೀರು ಬೆಟ್ಟದೊಳಗೆ ನಿಧಾನವಾಗಿ ಇಳಿದು, ವಾರಗಳ ಅಥವಾ ತಿಂಗಳುಗಳ ಬಳಿಕ ಕೆಳಗಿನ ಹಳ್ಳಿಗಳಲ್ಲಿ ಬುಗ್ಗೆಯಾಗಿ ಚಿಮ್ಮುತ್ತದೆ. ಅಣೆಕಟ್ಟೆಯ ಹಂಗಿಲ್ಲದೆ ಬೆಟ್ಟವನ್ನೇ ಜಲಾಶಯವಾಗಿಸಿಕೊಂಡ ಜಾಣ್ಮೆ ಇದು.

ಇದನ್ನು ರೂಢಿಸಿಕೊಂಡಿದ್ದ ಜನರ ಕತೆ ಮಾತ್ರ ಕರುಣಾಜನಕ. 1492ರಲ್ಲಿ ಗ್ರನಾಡಾ ಕ್ರೈಸ್ತ ದೊರೆಗಳ ವಶವಾಯಿತು. ಮುಂದೆ ಅಲ್ಲಿನ ಮುಸ್ಲಿಮರು ಮತಾಂತರ ಹೊಂದಬೇಕಾಯಿತು. ಅವರನ್ನು ಮೊರಿಸ್ಕೊ ಎಂದು ಕರೆದರು. ಎರಡನೆಯ ಫಿಲಿಪ್ ದೊರೆ ಅವರ ಭಾಷೆ, ಉಡುಪುಗಳನ್ನೂ ನಿಷೇಧಿಸಿದಾಗ 1568ರಲ್ಲಿ ದಂಗೆಯೆದ್ದರು. ಅಲ್ಪುಹಾರ್ರಾ ಅದರ ಕೇಂದ್ರವಾಗಿತ್ತು. 1571ರ ಹೊತ್ತಿಗೆ ದಂಗೆ ಅಡಗಿತು. ಮೊರಿಸ್ಕೊಗಳನ್ನು ದೂರದ ಪ್ರಾಂತಗಳಿಗೆ ಚದುರಿಸಿ, ಅವರ ಮನೆ, ಜಮೀನುಗಳನ್ನು ಬೇರೆಡೆಯಿಂದ ಕರೆತಂದ ಕ್ರೈಸ್ತ ಕುಟುಂಬಗಳಿಗೆ ಹಂಚಲಾಯಿತು. 1609ರಿಂದ 1614ರವರೆಗೆ ಅವರನ್ನು ಸ್ಪೇನ್‌ನಿಂದಲೇ ಹೊರಹಾಕಲಾಯಿತು. ಹೊಸಬರಿಗೆ ಕಾಲುವೆಯ ಮರ್ಮ ತಿಳಿಸಿಕೊಡಲು ಪ್ರತಿ ಹಳ್ಳಿಯಲ್ಲೂ ಎರಡು ಮೊರಿಸ್ಕೊ ಕುಟುಂಬಗಳನ್ನು ಉಳಿಸಿಕೊಂಡರು ಎಂಬ ಮಾತು ಅಲ್ಲಿ ಈಗಲೂ ಪ್ರಚಲಿತ. ಜನ ಬೇಡವಾದರೂ ಅವರ ವಿದ್ಯೆ ಬೇಕಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಕಾಲುವೆಗಳಿಗೆ ಒದಗಿದ ಗಂಡಾಂತರ ಬೇರೆ ಬಗೆಯದು. ಯುವಜನರು ಕೂಲಿ ಅರಸಿ ನಗರಗಳಿಗೆ ಹೋದರು. ಪ್ರತಿವರ್ಷ ಹೂಳೆತ್ತದಿದ್ದರೆ, ಕುಸಿದ ದಡ ಕಟ್ಟದಿದ್ದರೆ ಮಣ್ಣಿನ ಕಾಲುವೆ ಉಳಿಯದು. ನೀರು ಹಂಚುವ ನೀರುಗಂಟಿಯೇ ಇಲ್ಲವೆಂದ ಮೇಲೆ ಸರದಿಯೂ ತಪ್ಪುತ್ತದೆ. ಸಿಮೆಂಟು ಬಳಿದರೆ ಸೋರಿಕೆ ನಿಲ್ಲುವುದೇನೋ ನಿಜ. ಆದರೆ ದಡದ ಚೆಸ್ಟ್‌ನಟ್ ಮರಗಳು ಬದುಕಿರುವುದು, ಕೆಳಗಿನ ಬುಗ್ಗೆಗಳು ತುಂಬುವುದು ಆ ಸೋರಿಕೆಯಿಂದಲೇ. 2014ರಲ್ಲಿ ಕಾಂಯಾರ್ ಗ್ರಾಮದಲ್ಲಿ, ದಶಕಗಳಿಂದ ಪಾಳುಬಿದ್ದಿದ್ದ ಕಾಲುವೆಯೊಂದನ್ನು ಹಳ್ಳಿಗರು, ಗ್ರನಾಡಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಸ್ವಯಂಸೇವಕರು ಗುದ್ದಲಿ ಹಿಡಿದು ತೆರವುಗೊಳಿಸಿದರು. ಅದರಲ್ಲಿ ಮತ್ತೆ ನೀರು ಹರಿಯಿತು.

ಸಂಜೆ ಟ್ರೆವೆಲೆಸ್ ಸೇರಿದ ದಾರಿಹೋಕ ಅಲ್ಲಿನ ಚಿಲುಮೆಗೆ ಬೊಗಸೆಯೊಡ್ಡಿದಾಗ ಸಿಗುವುದು ಎಂದೋ ಕರಗಿದ ಹಿಮದ ನೀರು. ಅದನ್ನು ಬೆಟ್ಟದಿಂದ ಇಳಿಸುವುದನ್ನು ಕಲಿಸಿದವರಿಗೆ ಆ ಊರಿನಲ್ಲಿ ನೆಲೆ ಉಳಿಯಲಿಲ್ಲ. ಅವರ ಕಾಲುವೆ ಉಳಿಯಿತು. ವರ್ಷಕ್ಕೊಮ್ಮೆ ಹೂಳೆತ್ತುವವರು ಇರುವ ತನಕ ಉಳಿಯುತ್ತದೆ.